ಐವತ್ತು ದಾಟಿದ ಮೇಲೆ ಸ್ವರ ಓದುವುದು: ಕರ್ನಾಟಕ ಸಂಗೀತಕ್ಕೆ ಮರಳುವವರಿಗೆ

ಚಿಕ್ಕಂದಿನಲ್ಲಿ ಲಂಬೋದರ ಲಕುಮಿಕರ ಗೀತೆ ಕಲಿತವರು ಅರವತ್ತರಲ್ಲೂ ಅದನ್ನು ಪುಸ್ತಕ ನೋಡದೆ ಹಾಡಬಲ್ಲರು. ಪುಸ್ತಕ ಮುಂದಿಟ್ಟರೂ ಕಣ್ಣು ಪುಟದ ಮೇಲೆ ಸುಮ್ಮನೆ ಓಡಾಡುತ್ತಿರುತ್ತದೆ, ಹಾಡು ಬರುವುದು ನೆನಪಿನಿಂದ. ಅದೇ ಪುಸ್ತಕದಲ್ಲಿ ಎಂದೂ ಕಲಿಯದ ಗೀತೆಯ ಎರಡು ಸಾಲು ತೆಗೆದುಕೊಟ್ಟರೆ ನಾಲ್ಕನೇ ಸ್ವರಕ್ಕೆ ದನಿ ತಡವರಿಸುತ್ತದೆ, ದನಿಯ ಜೊತೆಗೇ ತೊಡೆಯ ಮೇಲಿನ ತಾಳವೂ ನಿಂತುಬಿಡುತ್ತದೆ. ವರ್ಷಗಳ ಮೇಲೆ ಸಂಗೀತಕ್ಕೆ ಮರಳುವವರಲ್ಲಿ ಹಲವರು ಇಲ್ಲಿಗೆ ಬಂದಾಗ ‘ಕಲಿತದ್ದೆಲ್ಲ ಹೋಯಿತು’ ಎಂದು ಕೈಚೆಲ್ಲುತ್ತಾರೆ. ಕಲಿತದ್ದು ಎಲ್ಲಿಗೂ ಹೋಗಿರುವುದಿಲ್ಲ. ಸ್ವರ ಓದುವುದನ್ನು ಅವರು ಆಗಲೂ ಕಲಿತಿರಲಿಲ್ಲ, ಅಷ್ಟೆ. ನಮ್ಮ ಪಾಠ ನಡೆಯುವುದೇ ಗುರುಗಳ ಬಾಯಿಂದ ಶಿಷ್ಯರ ಕಿವಿಗೆ. ಪುಸ್ತಕ ಬರೀ ಗುರುತಿಗೆ. ಚಿಕ್ಕ ವಯಸ್ಸಿನಲ್ಲಿ ನಾಲ್ಕು ಸಲ ಕೇಳಿದ್ದು ಗಟ್ಟಿಯಾಗಿ ಕೂತುಬಿಡುತ್ತಿತ್ತು, ಓದುವ ಅಗತ್ಯವೇ ಬೀಳುತ್ತಿರಲಿಲ್ಲ.

ಈಗ ಹೊಸ ಕೃತಿ ಹಾಗೆ ಬೇಗ ಕೂರುವುದಿಲ್ಲ. ನೆನಪಿನ ಮೇಲಿದ್ದ ಹೊರೆಯಲ್ಲಿ ಅರ್ಧವನ್ನು ಕಣ್ಣಿಗೆ ಹೊರಿಸಿದರೆ ಕಲಿಕೆ ಮತ್ತೆ ಸಲೀಸಾಗುತ್ತದೆ. ಅದಕ್ಕೆ ದಿನಕ್ಕೆ ಮುಕ್ಕಾಲು ಗಂಟೆ ಸಾಕು. ಹೊಸದಾಗಿ ಶುರುಮಾಡುವವರಿಗೂ ಇದೇ ದಾರಿ ಹೊಂದುತ್ತದೆ; ಸರಳೆ, ಜಂಟಿ ಎಂಬ ಮೊದಲ ಪಾಠದ ವರಸೆಗಳಿಗೆ ಅವರು ಇನ್ನೊಂದು ನಾಲ್ಕು ತಿಂಗಳು ಹೆಚ್ಚು ಕೊಡಬೇಕು.

ಮೊದಲು ಶ್ರುತಿ

ಶ್ರುತಿ ಎಂದರೆ ನಿಮ್ಮ ಷಡ್ಜ (‘ಸ’) ನಿಲ್ಲುವ ಎತ್ತರ. ಹಳೆಯ ಶ್ರುತಿಗೆ ಹಟ ಹಿಡಿಯಬೇಡಿ. ಮುಟ್ಟು ನಿಂತ ಮೇಲೆ ಹೆಂಗಸರ ದನಿ ತಗ್ಗುತ್ತದೆ. ಹುಡುಗಿಯಾಗಿದ್ದಾಗ ಐದೂವರೆ ಮನೆಗೆ ಹಾಡುತ್ತಿದ್ದವರಿಗೆ ಈಗ ನಾಲ್ಕೂವರೆ ಅಥವಾ ನಾಲ್ಕು ಹಿತವೆನಿಸುವುದು ತೀರಾ ಸಾಮಾನ್ಯ. ಗಂಡಸರಲ್ಲಿ ಇದಕ್ಕೆ ತಿರುಗಾಮುರುಗಾ: ವಯಸ್ಸಾದಂತೆ ದನಿ ತೆಳುವಾಗಿ ಸ್ವಲ್ಪ ಮೇಲೇರುವುದುಂಟು, ಒಂದು ಮನೆಯ ಶ್ರುತಿ ಒಂದೂವರೆಗೆ ಹೋಗಬಹುದು. ಕೀಬೋರ್ಡಿನಲ್ಲಿ ನೋಡುವವರಿಗೆ ಒಂದು ಮನೆ ಎಂದರೆ ಸಿ, ನಾಲ್ಕು ಎಂದರೆ ಎಫ್, ನಾಲ್ಕೂವರೆ ಎಫ್ ಶಾರ್ಪ್, ಐದೂವರೆ ಜಿ ಶಾರ್ಪ್.

ಗೊತ್ತುಮಾಡುವ ಕ್ರಮ ಹೀಗೆ. ತಂಬೂರಿ ಹಾಕಿ, ಹತ್ತು ನಿಮಿಷ ಮೆಲ್ಲಗೆ ಹಾಡಿ ದನಿ ಬೆಚ್ಚಗಾದ ಮೇಲೆ ಮಂದ್ರ ಪಂಚಮಕ್ಕೆ (ಕೆಳಗಿನ ಸ್ಥಾಯಿಯ ‘ಪ’ಕ್ಕೆ) ಇಳಿಯಿರಿ. ಅಲ್ಲಿ ಎಂಟು ಸೆಕೆಂಡು ಗೊರಗೊರ ಇಲ್ಲದೆ ನಿಲ್ಲಲು ಆಗಬೇಕು. ಆಮೇಲೆ ತಾರ ಗಾಂಧಾರಕ್ಕೆ (ಮೇಲಿನ ಸ್ಥಾಯಿಯ ‘ಗ’ಕ್ಕೆ) ಹೋಗಿ ಅಕಾರದಲ್ಲಿ ನಿಲ್ಲಿ. ಗದ್ದ ಮೇಲೆದ್ದರೆ, ಕತ್ತಿನ ನರ ಬಿಗಿದರೆ ಶ್ರುತಿ ಹೆಚ್ಚಾಯಿತು; ಅರ್ಧ ಮನೆ ಇಳಿಸಿ ಮತ್ತೆ ನೋಡಿ. ಎರಡು ಕಡೆಗೂ ಒಟ್ಟಿಗೆ ಸಿಗದಿದ್ದರೆ ಮಂದ್ರವನ್ನು ಕಾಪಾಡಿಕೊಳ್ಳಿ, ತಾರ ಸ್ಥಾಯಿ ಅಭ್ಯಾಸದಿಂದ ಬರುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಈ ಪರೀಕ್ಷೆ ಮಾಡಬೇಡಿ, ಆ ಹೊತ್ತಿನಲ್ಲಿ ಎಲ್ಲರ ದನಿಯೂ ತಗ್ಗಿರುತ್ತದೆ. ಬೇರೆ ಬೇರೆ ದಿನ ಸಂಜೆ ಮೂರು ಸಲ ನೋಡಿ, ಮೂರರಲ್ಲಿ ನಡುವಿನದನ್ನು ಇಟ್ಟುಕೊಂಡು ಆರು ತಿಂಗಳು ಬದಲಿಸದೆ ಹಾಡಿ. ಶ್ರುತಿ ದಿನಕ್ಕೊಂದಾದರೆ ಪುಟದಲ್ಲಿ ‘ಪ’ ಕಂಡಾಗ ಗಂಟಲಿಗೆ ಅದರ ಜಾಗ ಹೊಳೆಯುವುದಿಲ್ಲ. ಓದುವ ಕೆಲಸಕ್ಕೆ ಈ ಹೊಳೆಯುವಿಕೆಯೇ ಬಂಡವಾಳ.

ಪುಟದಲ್ಲಿ ಏನೇನಿದೆ

ಕನ್ನಡ ಸ್ವರಲಿಪಿಯ ಗುರುತುಗಳು ಹೆಚ್ಚಿಲ್ಲ, ಆದರೆ ಪ್ರತಿಯೊಂದರಲ್ಲೂ ಮೋಸಹೋಗುವ ಜಾಗವಿದೆ. ಸ್ವರದ ಮೇಲೆ ಚುಕ್ಕೆಯಿದ್ದರೆ ತಾರ ಸ್ಥಾಯಿ, ಕೆಳಗಿದ್ದರೆ ಮಂದ್ರ, ಚುಕ್ಕೆಯಿಲ್ಲದ್ದು ಮಧ್ಯ. ನಮ್ಮ ಲಿಪಿಯಲ್ಲಿ ‘ರಿ’, ‘ನಿ’ ಅಕ್ಷರಗಳ ತಲೆಯ ಮೇಲೆ ಮೊದಲೇ ಗುಡಿಸು ಕೂತಿರುತ್ತದೆ. ಅದರ ಮೇಲೆ ಚುಕ್ಕೆ ಬಿದ್ದಾಗ ಸಣ್ಣ ಅಚ್ಚಿನಲ್ಲಿ ಎರಡೂ ಕಲೆತುಹೋಗುತ್ತವೆ. ಜೆರಾಕ್ಸ್ ಪ್ರತಿಯಲ್ಲಿ ಇನ್ನೂ ಕಷ್ಟ: ನಿಜವಾದ ಚುಕ್ಕೆ ಅಳಿಸಿಹೋಗಿರುತ್ತದೆ, ಧೂಳಿನ ಕಲೆ ಚುಕ್ಕೆಯಂತೆ ಕಾಣುತ್ತದೆ. ಅನುಮಾನ ಬಂದಾಗ ಅಕ್ಕಪಕ್ಕದ ಸ್ವರ ನೋಡಿ. ‘ಮ ಪ ದ ಸ’ ಎಂದು ಏರುತ್ತಿರುವ ಸಾಲಿನ ಕೊನೆಯ ‘ಸ’ ತಾರ ಷಡ್ಜವೇ ಆಗಿರುತ್ತದೆ. ಚುಕ್ಕೆ ಕಾಣದಿದ್ದರೂ ಧೈವತದಿಂದ ಒಮ್ಮೆಗೇ ಮಧ್ಯ ಷಡ್ಜಕ್ಕೆ ಧುಮುಕುವ ಬರವಣಿಗೆ ಗೀತೆಗಳಲ್ಲಿ ಅಪರೂಪ.

ಅಲ್ಪವಿರಾಮ ಅಂದರೆ ಹಿಂದಿನ ಸ್ವರ ಇನ್ನೊಂದು ಅಕ್ಷರಕಾಲ (ಒಂದು ಹ್ರಸ್ವ ಸ್ವರದಷ್ಟು ಹೊತ್ತು) ನಿಲ್ಲಬೇಕು. ಅರ್ಧವಿರಾಮಕ್ಕೆ ಎರಡು ಅಕ್ಷರಕಾಲ. ಹಲವು ಪುಸ್ತಕಗಳಲ್ಲಿ ಹ್ರಸ್ವ ‘ಸ ರಿ ಗ’ ಒಂದು ಅಕ್ಷರಕಾಲ, ದೀರ್ಘ ‘ಸಾ ರೀ ಗಾ’ ಎರಡು. ಒಂದೇ ಪುಸ್ತಕದಲ್ಲಿ ಎರಡು ಪದ್ಧತಿಯೂ ಬೆರೆತಿರಬಹುದು. ಹಾಗಾಗಿ ಹೊಸ ಪುಸ್ತಕ ತೆರೆದ ಕೂಡಲೇ ಯಾವುದಾದರೂ ಒಂದು ಆವರ್ತವನ್ನು (ತಾಳದ ಒಂದು ಪೂರ್ತಿ ಸುತ್ತನ್ನು) ಬೆರಳಿನಲ್ಲಿ ಎಣಿಸಿ. ಆದಿತಾಳದ ಸಾಲು ಎಂಟಕ್ಕೋ ಹದಿನಾರಕ್ಕೋ ಮೂವತ್ತೆರಡಕ್ಕೋ ಸರಿಹೊಂದಬೇಕು. ಹೊಂದದಿದ್ದರೆ ನೀವು ಗುರುತನ್ನು ತಪ್ಪು ತಿಳಿದಿದ್ದೀರಿ, ಇಲ್ಲವೇ ಅಚ್ಚಿನ ತಪ್ಪಿದೆ. ಅಚ್ಚಿನ ತಪ್ಪು ನಾವು ಅಂದುಕೊಳ್ಳುವುದಕ್ಕಿಂತ ಹೆಚ್ಚು.

ಒಂದು ಲಂಬಗೆರೆ ತಾಳದ ಒಂದು ಅಂಗ ಮುಗಿಯಿತು ಎನ್ನುತ್ತದೆ, ಎರಡು ಗೆರೆ ಆವರ್ತ ಮುಗಿಯಿತು ಎನ್ನುತ್ತದೆ. ಸ್ವರಗಳ ಗುಂಪಿನ ಕೆಳಗೆ (ಕೆಲವು ಹಳೆಯ ಮುದ್ರಣಗಳಲ್ಲಿ ಮೇಲೆ) ಅಡ್ಡಗೆರೆ ಎಳೆದಿದ್ದರೆ ಆ ಗುಂಪು ಇಮ್ಮಡಿ ವೇಗ. ಎರಡು ಅಡ್ಡಗೆರೆ ನಾಲ್ಮಡಿ. ಧಾರವಾಡದ ಕಡೆಯವರು, ಹಿಂದೂಸ್ತಾನಿ ಕಲಿತು ಈ ಕಡೆ ಬಂದವರು ಇಲ್ಲೊಂದು ಎಚ್ಚರ ವಹಿಸಬೇಕು. ಭಾತಖಂಡೆ ಪದ್ಧತಿಯಲ್ಲಿ ಸ್ವರದ ಕೆಳಗಿನ ಅಡ್ಡಗೆರೆ ಕೋಮಲ ಸ್ವರದ ಗುರುತು. ಅದೇ ಗೆರೆ ಕರ್ನಾಟಕ ಪದ್ಧತಿಯ ಪುಸ್ತಕದಲ್ಲಿ ವೇಗವನ್ನು ಹೇಳುತ್ತದೆ. ಕಣ್ಣಿಗೆ ಹಳೆಯ ಅಭ್ಯಾಸವಿದ್ದರೆ ಮೊದಲ ಕೆಲವು ವಾರ ಈ ಗೆರೆಗಳನ್ನು ಹಸಿರು ಪೆನ್ಸಿಲ್ಲಿನಿಂದ ತಿದ್ದಿಕೊಳ್ಳಿ.

ಇನ್ನು ಪುಟದಲ್ಲಿ ಇಲ್ಲದ್ದು. ‘ರಿ’ ಶುದ್ಧವೋ (ತಗ್ಗಿನದು) ಚತುಶ್ರುತಿಯೋ (ಎತ್ತರದ್ದು) ಎಂದು ಸಾಲಿನಲ್ಲಿ ಬರೆದಿರುವುದಿಲ್ಲ. ಅದನ್ನು ತಲೆಬರಹದ ರಾಗ, ಆರೋಹಣ, ಅವರೋಹಣ ಹೇಳಬೇಕು. ಗಮಕವೂ, ಅಂದರೆ ಸ್ವರದ ಅಲುಗಾಟ, ಜಾರುವಿಕೆಯೂ ಇರುವುದಿಲ್ಲ. ಸುಬ್ಬರಾಮ ದೀಕ್ಷಿತರ ಸಂಗೀತ ಸಂಪ್ರದಾಯ ಪ್ರದರ್ಶಿನಿ 1904ರಲ್ಲಿ ತೆಲುಗು ಲಿಪಿಯಲ್ಲಿ ಅಚ್ಚಾದಾಗ ಗಮಕಗಳಿಗೂ ಗುರುತು ಕೊಟ್ಟಿತ್ತು, ಆದರೆ ನಾವು ದಿನನಿತ್ಯ ಬಳಸುವ ಕನ್ನಡ ಪಾಠಪುಸ್ತಕಗಳಲ್ಲಿ ಅವು ಬರುವುದಿಲ್ಲ. ಹಾಗಾಗಿ ಪುಟದಿಂದ ಸಿಗುವುದು ಹಾಡಿನ ಮೂಳೆ. ಮಾಂಸ ತುಂಬುವುದು ಗುರುಗಳ ಪಾಠಾಂತರ (ಅವರು ಹಾಡಿ ಕಲಿಸುವ ರೂಪ), ಒಳ್ಳೆಯ ಕಛೇರಿಯ ಕೇಳ್ಮೆ. ಈ ಕಾರಣಕ್ಕೇ ಓದುವ ಅಭ್ಯಾಸಕ್ಕೆ ಆರಿಸಿಕೊಳ್ಳುವ ರಾಗ ಮುಖ್ಯ. ಮಾಯಾಮಾಳವಗೌಳ, ಮಲಹರಿ, ಮೋಹನ, ಹಂಸಧ್ವನಿಗಳಲ್ಲಿ ಸ್ವರವನ್ನು ನೇರವಾಗಿ ಹಾಡಿದರೂ ರಾಗದ ಮುಖ ಕಾಣುತ್ತದೆ. ತೋಡಿ, ಭೈರವಿ, ಸಹಾನ, ಬೇಗಡೆಗಳನ್ನು ಹಾಗೆ ಓದಿದರೆ ರಾಗವೇ ಉಳಿಯುವುದಿಲ್ಲ. ಅವನ್ನು ಮೊದಲ ವರ್ಷ ಕಿವಿಯಿಂದಲೇ ಕಲಿಯಿರಿ, ಪುಸ್ತಕದಿಂದ ಬೇಡ.

ಲೆಕ್ಕದ ಚೌಕದ ಪುಸ್ತಕ

ಮಕ್ಕಳ ಲೆಕ್ಕದ ಚೌಕಗೆರೆಯ ನೋಟ್‌ಬುಕ್ ಒಂದು ತನ್ನಿ, ಚೌಕ ದೊಡ್ಡದಿರಲಿ. ಒಂದು ಚೌಕಕ್ಕೆ ಒಂದು ಅಕ್ಷರಕಾಲ, ಒಂದು ಸಾಲಿಗೆ ಒಂದೇ ಆವರ್ತ. ರೂಪಕಕ್ಕೆ ಆರು ಚೌಕ, ಆದಿಗೆ ಎಂಟು. ಅಲ್ಪವಿರಾಮಕ್ಕೂ ಪೂರ್ತಿ ಒಂದು ಚೌಕ ಕೊಡಬೇಕು. ಅಚ್ಚಿನಲ್ಲಿ ಅದು ಸ್ವರಕ್ಕೆ ಅಂಟಿಕೊಂಡಿರುವುದರಿಂದಲೇ ಕಣ್ಣು ಅದನ್ನು ನುಂಗಿಬಿಡುತ್ತದೆ, ಸ್ವರ ಅರ್ಧ ಕಾಲಕ್ಕೇ ಮುಗಿದು ಆವರ್ತ ಗಿಡ್ಡವಾಗುತ್ತದೆ. ಅಂಗ ಮುಗಿಯುವಲ್ಲಿ ಕೆಂಪು ಗೆರೆ ಎಳೆಯಿರಿ. ಸ್ಥಾಯಿ ಚುಕ್ಕೆಗಳನ್ನೂ ಕೆಂಪಿನಲ್ಲಿ, ಸಾಸಿವೆಯಷ್ಟು ದಪ್ಪ ಇಡಿ. ಸಾಹಿತ್ಯಕ್ಕೆ ಕೆಳಗಿನ ಚೌಕಗಳ ಸಾಲು, ಅದಾದ ಮೇಲೆ ಒಂದು ಸಾಲು ಖಾಲಿ.

ಕೈಬರಹ ಬೇಡವೆನ್ನುವವರು ಪುಸ್ತಕದ ಪುಟವನ್ನು ದೊಡ್ಡದು ಮಾಡಿಸಬಹುದು. ಎಂಟನೇ ಒಂದು ಡೆಮಿ ಅಳತೆಯ ಪುಟವನ್ನು ಶೇಕಡ 135ಕ್ಕೆ ಹಿಗ್ಗಿಸಿದರೆ ಎ4 ಹಾಳೆಯಲ್ಲಿ ಸರಿಯಾಗಿ ಕೂರುತ್ತದೆ. ಆದರೂ ಮೊದಲ ಹತ್ತು ಗೀತೆಗಳನ್ನಾದರೂ ಕೈಯಲ್ಲೇ ಬರೆಯಿರಿ ಎಂದು ಒತ್ತಿ ಹೇಳಬೇಕೆನಿಸುತ್ತದೆ. ಬರೆಯುವಾಗ ಪ್ರತಿ ಅಕ್ಷರಕಾಲವನ್ನೂ ಎಣಿಸಲೇಬೇಕಾಗುತ್ತದೆ, ಅರ್ಧ ಓದು ಅಲ್ಲೇ ಮುಗಿದಿರುತ್ತದೆ.

ಒಂದು ಸಾಲನ್ನು ಓದುವ ಬಗೆ

ಲಂಬೋದರ ಗೀತೆಯನ್ನೇ ಹತ್ತಿರದಿಂದ ನೋಡೋಣ. ಪುರಂದರದಾಸರ ಈ ಗೀತೆ ಮಲಹರಿ ರಾಗದ್ದು, ಚತುರಶ್ರ ಜಾತಿ ರೂಪಕ ತಾಳ: ಮೊದಲು ಎರಡು ಎಣಿಕೆಯ ದ್ರುತ, ಆಮೇಲೆ ನಾಲ್ಕು ಎಣಿಕೆಯ ಲಘು. ಅಂದರೆ ಪೆಟ್ಟು, ಹುಸಿ (ಕೈ ಮಗುಚುವುದು), ಮತ್ತೆ ಪೆಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು. ಕೃತಿಗಳಲ್ಲಿ ರೂಪಕಕ್ಕೆ ಎರಡು ಪೆಟ್ಟು ಒಂದು ಹುಸಿ ಹಾಕಿ ರೂಢಿಯಾದವರ ಕೈ ಇಲ್ಲಿ ತಾನಾಗಿ ಅದಕ್ಕೇ ಹೊರಳುತ್ತದೆ. ಹಾಗಾಗಿ ಬಾಯಿ ತೆರೆಯುವ ಮೊದಲು ಬರೀ ಕೈಯಲ್ಲಿ ನಾಲ್ಕು ಆವರ್ತ ಹಾಕಿಕೊಳ್ಳಿ.

ಸ್ವರದ ಮೊದಲ ಸಾಲುಗಳು ಹೀಗಿವೆ:

ಮ ಪ | ದ ಸ ಸ ರಿ ||
ರಿ ಸ | ದ ಪ ಮ ಪ ||
ರಿ ಮ | ಪ ದ ಮ ಪ ||
ದ ಪ | ಮ ಗ ರಿ ಸ ||
ಸ ರಿ | ಮ , ಗ ರಿ ||
ಸ ರಿ | ಗ ರಿ ಸ , ||

ಮೊದಲ ಸಾಲಿನ ಕೊನೆಯ ‘ಸ ಸ ರಿ’, ಎರಡನೇ ಸಾಲಿನ ಮೊದಲ ‘ರಿ ಸ’ ತಾರ ಸ್ಥಾಯಿಯವು. ನಿಮ್ಮ ಚೌಕದ ಪುಸ್ತಕದಲ್ಲಿ ಅವಕ್ಕೆ ಕೆಂಪು ಚುಕ್ಕೆ ಬಿದ್ದಿರಬೇಕು.

ಓದುವ ಮೊದಲು ತಲೆಬರಹ. ಮಲಹರಿಯ ಆರೋಹಣ ಸ ರಿ ಮ ಪ ದ ಸ, ಅವರೋಹಣ ಸ ದ ಪ ಮ ಗ ರಿ ಸ. ನಿಷಾದವೇ ಇಲ್ಲ. ಏರುವಾಗ ಗಾಂಧಾರವನ್ನು ಮುಟ್ಟಿ ಮಧ್ಯಮಕ್ಕೆ ಹೋಗುವಂತಿಲ್ಲ. ಕೊನೆಯ ಸಾಲಿನ ‘ಸ ರಿ ಗ ರಿ ಸ’ದಲ್ಲಿ ಗಾಂಧಾರವನ್ನು ಮುಟ್ಟಿ ಹಿಂದಕ್ಕೆ ತಿರುಗುತ್ತದೆ, ಮುಂದಕ್ಕೆ ಹೋಗುವುದಿಲ್ಲ, ಗಮನಿಸಿ. ಇಷ್ಟು ತಿಳಿದರೆ ಕಣ್ಣಿಗೆ ಕೆಲಸ ಅರ್ಧ ಕಡಿಮೆ. ‘ಮ’ದ ಮುಂದೆ ‘ಗ’ ಕಂಡಿತೆಂದರೆ ಸಾಲು ಇಳಿಯುತ್ತಿದೆ, ಮುಂದಿನದು ಬಹುಪಾಲು ‘ರಿ’. ನುರಿತವರು ಬಿಡಿ ಸ್ವರ ಓದುವುದಿಲ್ಲ, ‘ಮ ಗ ರಿ ಸ’ ಎಂಬ ಇಡೀ ಹಿಡಿಯನ್ನು ಒಂದೇ ನೋಟಕ್ಕೆ ಎತ್ತಿಕೊಳ್ಳುತ್ತಾರೆ, ನಾವು ‘ಮನೆ’ ಎಂಬ ಪದವನ್ನು ಮ, ನೆ ಎಂದು ಕೂಡಿಸಿ ಓದದ ಹಾಗೆ.

ಈಗ ಮೆಟ್ರೊನೋಮ್ ನಿಮಿಷಕ್ಕೆ 45ಕ್ಕೆ ಇಡಿ. ಮೊದಲ ಸುತ್ತಿನಲ್ಲಿ ಹಾಡಬೇಡಿ. ಸ್ವರದ ಹೆಸರನ್ನು ಮಾತಿನ ದನಿಯಲ್ಲಿ ತಾಳಕ್ಕೆ ಹೇಳಿ. ‘ಮ , ಗ ರಿ’ ಬಂದಾಗ ‘ಮಾ’ ಎಂದು ಎಳೆದು ಕಿರುಬೆರಳು ಕಳೆದ ಮೇಲೇ ‘ಗ’ಕ್ಕೆ ಹೋಗಿ. ಎಡವುವವರಲ್ಲಿ ಬಹಳ ಮಂದಿ ಎಡವುವುದು ಈ ಸುತ್ತಿನಲ್ಲೇ. ತಾವು ಸ್ವರಸ್ಥಾನ ತಪ್ಪುತ್ತಿದ್ದೇವೆ ಎಂದುಕೊಂಡಿರುತ್ತಾರೆ, ನಿಜವಾಗಿ ತಪ್ಪುತ್ತಿರುವುದು ಕಾಲ.

ಎರಡನೆಯದು, ಜಿಗಿತಗಳನ್ನು ಹುಡುಕುವುದು. ಅಕ್ಕಪಕ್ಕದ ಸ್ವರಗಳು ಯಾರಿಗೂ ತೊಂದರೆ ಕೊಡುವುದಿಲ್ಲ. ಈ ಗೀತೆಯಲ್ಲಿ ಎರಡನೇ ಸಾಲಿನ ಕೊನೆಯ ‘ಪ’ದಿಂದ ಮೂರನೇ ಸಾಲಿನ ‘ರಿ’ಗೆ ಬೀಳುವುದು, ‘ರಿ ಮ’ ಏರುವುದು, ‘ದ ಮ’ ಇಳಿಯುವುದು ಜಿಗಿತ. ಇವಕ್ಕೆ ಮಾತ್ರ ಪೆನ್ಸಿಲ್ಲಿನಲ್ಲಿ ಸಣ್ಣ ಕಮಾನು ಹಾಕಿ. ಷಡ್ಜ ಸಿ ಆದರೆ ಶುದ್ಧ ರಿಷಭ ಸಿ ಶಾರ್ಪ್, ಶುದ್ಧ ಮಧ್ಯಮ ಎಫ್. ನಡುವೆ ನಾಲ್ಕು ಮೆಟ್ಟಿಲ ದೂರ. ಮಾಯಾಮಾಳವಗೌಳದಲ್ಲಿ ವರ್ಷಗಟ್ಟಲೆ ‘ರಿ ಗ ಮ’ ಹೇಳಿದ ಗಂಟಲು ಇಲ್ಲಿ ಅಭ್ಯಾಸಬಲದಿಂದ ಗಾಂಧಾರಕ್ಕೆ ಹೋಗಿ ಕೂರುತ್ತದೆ. ಬಾಯಿ ‘ಮ’ ಎನ್ನುತ್ತದೆ, ದನಿ ಗಾಂಧಾರದಲ್ಲಿರುತ್ತದೆ. ನಡುವಿನ ಸ್ವರ ಬಿಟ್ಟು ಜಿಗಿಯುವ ದಾಟು ವರಸೆಗಳನ್ನು ದಿನವೂ ಹತ್ತು ನಿಮಿಷ ಹಾಡಬೇಕಾದದ್ದು ಈ ಕಾರಣಕ್ಕೆ. ಮರಳಿ ಬಂದವರು ಸರಳೆ, ಜಂಟಿ ಮುಗಿಸಿ ದಾಟನ್ನು ಬಿಟ್ಟು ಏಳು ತಾಳಗಳ ಅಲಂಕಾರಕ್ಕೆ ಓಡುವುದು ಹೆಚ್ಚು. ಓದುವವರಿಗೆ ದಾಟಿಗಿಂತ ದೊಡ್ಡ ಅಭ್ಯಾಸ ಇಲ್ಲ.

ಮೂರನೇ ಸುತ್ತಿನಲ್ಲಿ ಹಾಡಿ. ಇಲ್ಲಿ ಒಂದೇ ನಿಯಮ: ಕೈ ನಿಲ್ಲಬಾರದು. ಸ್ವರ ತಪ್ಪಿದರೆ ತಪ್ಪಲಿ, ಹಿಂದಕ್ಕೆ ಹೋಗಿ ತಿದ್ದಬೇಡಿ. ದಾರಿ ಪೂರ್ತಿ ತಪ್ಪಿದರೆ ಬಾಯಿ ಮುಚ್ಚಿ ತಾಳ ಹಾಕುತ್ತಲೇ ಇರಿ, ಮುಂದಿನ ಎರಡು ಗೆರೆಯ ನಂತರದ ಪೆಟ್ಟಿಗೆ ಸೇರಿಕೊಳ್ಳಿ. ತಿದ್ದಲು ನಿಲ್ಲುವ ಚಾಳಿ ಒಮ್ಮೆ ಬಂದರೆ ಬಿಡಿಸಲು ವರ್ಷ ಬೇಕು. ಪಕ್ಕದಲ್ಲಿ ಇನ್ನೊಬ್ಬರು ಹಾಡುತ್ತಿರುವಾಗ ಅದೇ ಚಾಳಿ ನಿಮ್ಮನ್ನು ಹೊರಗೆ ತಳ್ಳುತ್ತದೆ. ತಿದ್ದುವ ಕೆಲಸ ಸಾಲು ಮುಗಿದ ಮೇಲೆ ಪ್ರತ್ಯೇಕವಾಗಿ ಆಗಲಿ.

ಕಣ್ಣು ದನಿಗಿಂತ ಮುಂದಿರಬೇಕು. ಇದನ್ನು ಕಲಿಸುವುದಕ್ಕೆ ಒಂದು ಹಳೆಯ ವಿಸಿಟಿಂಗ್ ಕಾರ್ಡ್ ಸಾಕು. ದ್ರುತದ ಎರಡು ಸ್ವರ ಹಾಡಲು ಶುರುಮಾಡಿದ ಕ್ಷಣವೇ ಕಾರ್ಡಿನಿಂದ ಅವನ್ನು ಮುಚ್ಚಿ. ಹಾಡುತ್ತಿರುವುದು ಕಾಣದಾದಾಗ ಕಣ್ಣಿಗೆ ಮುಂದಿನ ಲಘುವನ್ನು ನೋಡದೆ ಗತಿಯಿಲ್ಲ. ಬಲಗೈ ತಾಳದಲ್ಲಿ, ಎಡಗೈ ಕಾರ್ಡಿನಲ್ಲಿ. ಮೊದಲ ವಾರ ಗಲಿಬಿಲಿಯಾಗುತ್ತದೆ, ಮೂರನೇ ವಾರಕ್ಕೆ ಹಿಡಿತ ಬರುತ್ತದೆ. ಕಾರ್ಡ್ ಸರಿಸಲು ಮೊದಮೊದಲು ಪಕ್ಕದಲ್ಲಿ ಯಾರಾದರೂ ಕೂತರೆ ಇನ್ನೂ ಒಳ್ಳೆಯದು. ಸಂಗೀತ ಬಾರದವರೂ ಆಗಬಹುದು, ತಾಳದ ಪೆಟ್ಟು ಗೊತ್ತಿದ್ದರೆ ಸಾಕು.

ಸಾಹಿತ್ಯವನ್ನು ಕೂಡಿಸುವುದು ಕೊನೆಗೆ, ಸ್ವರ ಎರಡು ಸಲ ನಿಲ್ಲದೆ ಬಂದ ಮೇಲೆ.

ಓದಲು ಎಷ್ಟು, ಏನು

ದಿನಕ್ಕೆ ಎರಡೇ ಎರಡು ಹೊಸ ಆವರ್ತ. ಒಂದನ್ನು ಎರಡು ಸಲಕ್ಕಿಂತ ಹೆಚ್ಚು ಓದಬೇಡಿ. ಮೂರನೇ ಸಲಕ್ಕೆ ನೆನಪು ಮುಂದೆ ಬಂದು ಕಣ್ಣು ರಜೆ ಹಾಕುತ್ತದೆ. ಓದುವ ಸಾಮಗ್ರಿ ನಿಮ್ಮ ಹಾಡುವ ಮಟ್ಟಕ್ಕಿಂತ ಎರಡು ಮೆಟ್ಟಿಲು ಕೆಳಗಿರಲಿ. ವರ್ಣ ಹಾಡಬಲ್ಲವರು ಗೀತೆ ಓದಲಿ, ಗೀತೆ ಹಾಡುವವರು ಅಲಂಕಾರ ಓದಲಿ. ಏಳು ಅಲಂಕಾರಗಳೂ ಮಾಯಾಮಾಳವಗೌಳದಲ್ಲಿ ಬಾಯಿಗೆ ಬಂದಿದ್ದರೆ ಅವನ್ನೇ ಮೋಹನಕ್ಕೆ ತಿರುಗಿಸಿ ಚೌಕದ ಪುಸ್ತಕದಲ್ಲಿ ಬರೆಯಿರಿ. ಐದೇ ಸ್ವರವಾದ್ದರಿಂದ ಜಿಗಿತಗಳ ಜಾಗ ಬದಲಾಗುತ್ತದೆ, ಓದದೆ ಹಾಡಲು ಆಗುವುದಿಲ್ಲ. ತಾಳದ ಎಣಿಕೆಯೂ ಒಂದೊಂದಕ್ಕೆ ಒಂದೊಂದು: ಧ್ರುವ 14, ಮಠ್ಯ 10, ರೂಪಕ 6, ಝಂಪೆ 10, ತ್ರಿಪುಟ 7, ಅಟ್ಟ 14, ಏಕ 4. ಝಂಪೆಯ ಲಘುವಿಗೆ ಏಳು ಎಣಿಕೆ, ಒಂದು ಪೆಟ್ಟಿನ ಮೇಲೆ ಆರು ಬೆರಳು. ಐದು ಬೆರಳು ಮುಗಿದು ಮತ್ತೆ ಕಿರುಬೆರಳಿಗೆ ಬರುವಲ್ಲಿ ಓದುವ ಕಣ್ಣು ಸಾಮಾನ್ಯವಾಗಿ ಜಾರುತ್ತದೆ.

ಪುಸ್ತಕದ ಗೀತೆಗಳೆಲ್ಲ ಮುಗಿದಾಗ ಚೀಟಿಯ ದಾರಿಯಿದೆ. ಒಂದೇ ರಾಗ, ಒಂದೇ ತಾಳದ ಗೀತೆಯ ಆವರ್ತಗಳನ್ನು ಬೇರೆ ಬೇರೆ ಚೀಟಿಯಲ್ಲಿ ದಪ್ಪಗೆ ಬರೆದು ಕಲಸಿ, ಆರನ್ನು ಎತ್ತಿ ಸಾಲಾಗಿಟ್ಟು ಹಾಡಿ. ಕೂಡುವ ಜಾಗಗಳಲ್ಲಿ ಒರಟಾಗಿ ಕೇಳಿಸೀತು. ನೆನಪಿಗೆ ಹಿಡಿಯಲು ಏನೂ ಸಿಗದಿರುವುದೇ ಇಲ್ಲಿ ಲಾಭ.

ಮೂರು ಕಾಲಗಳ (ಮೊದಲ ವೇಗ, ಅದರ ಇಮ್ಮಡಿ, ನಾಲ್ಮಡಿ) ಆಸೆ ಬೇಡವೆಂದಲ್ಲ, ಲೆಕ್ಕ ಇಟ್ಟುಕೊಳ್ಳಿ. ತಾಳ 45ರಲ್ಲಿದ್ದರೆ ಎರಡನೇ ಕಾಲದಲ್ಲಿ ನಿಮಿಷಕ್ಕೆ 90 ಸ್ವರ, ಮೂರನೆಯದರಲ್ಲಿ 180. ಹಾಡಿ ರೂಢಿಯಾದ ವರಸೆಗೆ ಇದು ಸರಿ; ಹೊಸ ಪುಟ ಓದುವುದಕ್ಕೆ ಮೊದಲ ವರ್ಷ ಒಂದನೇ ಕಾಲ ಸಾಕು. 45ರಿಂದ ಶುರುಮಾಡಿ ಎರಡು ವಾರಕ್ಕೆ ಎರಡೆರಡು ಏರಿಸಿದರೆ ಆರು ತಿಂಗಳಲ್ಲಿ 70ರ ಹತ್ತಿರ ಬರುತ್ತೀರಿ.

ಮುಕ್ಕಾಲು ಗಂಟೆಯನ್ನು ಒಂದೇ ಸಲ ಕೂರಬೇಡಿ. ಬೆಳಿಗ್ಗೆ ಇಪ್ಪತ್ತೈದು ನಿಮಿಷ ಷಡ್ಜ, ವರಸೆ, ದಾಟು. ಸಂಜೆ ಇಪ್ಪತ್ತು ನಿಮಿಷ ಓದು ಮತ್ತು ಪಾಠದ ಹಾಡು.

ಕಣ್ಣು, ಕಿವಿ, ಮಂಡಿ

ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಕನ್ನಡಕದ ಓದುವ ಭಾಗ ಕೆಳಗಿರುತ್ತದೆ. ಎದೆಯ ಮಟ್ಟದ ಸ್ಟ್ಯಾಂಡಿನ ಮೇಲಿನ ಪುಸ್ತಕ ನೋಡಲು ಗದ್ದ ಎತ್ತಬೇಕಾಗುತ್ತದೆ, ಗದ್ದ ಎತ್ತಿದರೆ ಗಂಟಲು ಬಿಗಿಯುತ್ತದೆ, ತಾರ ಸ್ಥಾಯಿ ಕೀರಲಾಗುತ್ತದೆ. ಇದು ಕನ್ನಡಕದ ತೊಂದರೆ ಎಂದು ಹೊಳೆಯದೆ ದನಿಯನ್ನು ದೂರುವವರೇ ಹೆಚ್ಚು. ಕಣ್ಣಿನಿಂದ ಪುಸ್ತಕಕ್ಕೆ ಎಷ್ಟು ದೂರ ಎಂದು ಟೇಪಿನಲ್ಲಿ ಅಳೆದು (ಸಾಮಾನ್ಯವಾಗಿ 50ರಿಂದ 60 ಸೆಂಟಿಮೀಟರ್), ಆ ದೂರಕ್ಕೆಂದೇ ಒಂದೇ ಪವರಿನ ಬೇರೆ ಕನ್ನಡಕ ಮಾಡಿಸಿಕೊಳ್ಳಿ. ಓದುವ ಕನ್ನಡಕ ಇದಕ್ಕೆ ಆಗುವುದಿಲ್ಲ, ಅದು ಕೈಯಲ್ಲಿ ಹಿಡಿದ ಪತ್ರಿಕೆಯ ದೂರಕ್ಕೆ ಮಾಡಿದ್ದು. ದೀಪ ಪುಟದ ಮೇಲೆ ಬೀಳಲಿ, ಮುಖದ ಮೇಲೆ ಬೇಡ.

ಶ್ರವಣ ಸಾಧನ ಹಾಕುವವರಿಗೆ ತಂಬೂರಿಯ ನಾದ ನಡುಗಿದಂತೆ, ಸೀಟಿ ಬೆರೆತಂತೆ ಕೇಳಿಸಬಹುದು. ಯಂತ್ರ ಮಾತಿಗೆ ಹೊಂದಿಸಿದ್ದು. ಎಡೆಬಿಡದ ನಾದವನ್ನು ಅದು ತನ್ನದೇ ಸೀಟಿ ಎಂದು ತಿಳಿದು ಅಳಿಸಲು ಹೋಗುತ್ತದೆ. ಆಡಿಯಾಲಜಿಸ್ಟರ ಬಳಿ ತಂಬೂರಿಯ ಧ್ವನಿಯನ್ನೇ ಹಾಕಿ ತೋರಿಸಿ ಸಂಗೀತಕ್ಕೆ ಬೇರೆ ಪ್ರೋಗ್ರಾಮ್ ಇಡಿಸಿಕೊಳ್ಳಿ.

ಚಕ್ಕಳಮಕ್ಕಳ ಕೂರಲು ಮಂಡಿ ಒಪ್ಪದಿದ್ದರೆ ಕೈಗಳಿಲ್ಲದ ಗಟ್ಟಿ ಕುರ್ಚಿ, ಪಾದ ಪೂರ್ತಿ ನೆಲಕ್ಕೆ. ಮೆತ್ತನೆಯ ಸೋಫಾದಲ್ಲಿ ಹೊಟ್ಟೆ ಮಡಿಚಿ ಉಸಿರು ಗಿಡ್ಡವಾಗುತ್ತದೆ. ತಾಳ ಮೊಣಕೈಯಿಂದ ಬೇಡ, ಮಣಿಕಟ್ಟಿನಿಂದ ಬರಲಿ. ಭುಜ ಹಿಡಿದುಕೊಂಡವರು ತೊಡೆಯ ಮೇಲೇ ಕೈಯಿಟ್ಟು ಬೆರಳು ಮಾತ್ರ ಆಡಿಸಿದರೂ ತಾಳ ತಾಳವೇ.

ದನಿಯ ವಿಚಾರದಲ್ಲಿ ಮೂರು ಮಾತು. ಊಟವಾದ ಎರಡು ಗಂಟೆಯೊಳಗೆ ಹಾಡಬೇಡಿ; ಹುಳಿತೇಗು ಗಂಟಲಿಗೆ ಬರುವವರಿಗೆ ಬೆಳಗಿನ ದನಿ ಒಡೆದಿರುವುದು ಅದರಿಂದಲೇ ಇರಬಹುದು. ರಕ್ತದೊತ್ತಡದ ಕೆಲವು ಮಾತ್ರೆಗಳು ಒಣಕೆಮ್ಮು ತರುತ್ತವೆ, ಅಲರ್ಜಿಯ ಮಾತ್ರೆ ಗಂಟಲು ಒಣಗಿಸುತ್ತದೆ, ಉಬ್ಬಸದ ಸ್ಟೆರಾಯ್ಡ್ ಇನ್ಹೇಲರ್ ದನಿ ಕಟ್ಟಿಸಬಹುದು. ಮಾತ್ರೆ ನಿಲ್ಲಿಸಬೇಡಿ, ಹಾಡುತ್ತೀರೆಂದು ವೈದ್ಯರಿಗೆ ಹೇಳಿ. ಇನ್ಹೇಲರ್ ಆದ ಮೇಲೆ ಪ್ರತಿ ಸಲವೂ ಬಾಯಿ ಮುಕ್ಕಳಿಸಿ. ದನಿ ಕಟ್ಟಿದ್ದು ಮೂರು ವಾರವಾದರೂ ಬಿಡದಿದ್ದರೆ ಕಷಾಯ ಸಾಕು ಮಾಡಿ ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಲೇಬೇಕು. ಇನ್ನು ದನಿಯ ನಡುಕಕ್ಕೆ ಜಂಟಿ ವರಸೆ ಒಳ್ಳೆಯ ಮದ್ದು: ಮಧ್ಯಮ ಗಾತ್ರದ ದನಿಯಲ್ಲಿ, ಜೋಡಿಯ ಎರಡನೇ ಸ್ವರಕ್ಕೆ ಒತ್ತು ಕೊಟ್ಟು, ನಿಧಾನವಾಗಿ.

ಗುರುಗಳ ಬಳಿ

ಮೊದಲ ದಿನವೇ ಎರಡು ಬೇಡಿಕೆ ಇಡಿ. ಒಂದು, ಹೊಸ ಹಾಡಿನ ಪುಟವನ್ನು ಪಾಠಕ್ಕೆ ಎರಡು ದಿನ ಮೊದಲೇ ಕೊಡಲಿ. ನೀವು ಮೂಳೆಯನ್ನು ಓದಿಕೊಂಡು ಹೋದರೆ ಪಾಠದ ಹೊತ್ತೆಲ್ಲ ಗಮಕಕ್ಕೆ ಸಿಗುತ್ತದೆ. ಎರಡು, ಪಾಠದ ಕೊನೆಗೆ ಅವರು ಕಲಿಸಿದ್ದನ್ನೆಲ್ಲ ಒಮ್ಮೆ ಹಾಡಿದ್ದನ್ನು ಫೋನಿನಲ್ಲಿ ಹಿಡಿದುಕೊಳ್ಳಲು ಬಿಡಲಿ. ಮನೆಗೆ ಬಂದು ಕೇಳುತ್ತ, ಪುಟದಲ್ಲಿ ಸ್ವರ ಅಲುಗುವ ಜಾಗದ ಮೇಲೆ ಸಣ್ಣ ಅಲೆಗೆರೆ, ಜಾರುವ ಜಾಗದಲ್ಲಿ ಓರೆಗೆರೆ ಹಾಕಿಕೊಳ್ಳಿ. ಗುರುತು ನಿಮ್ಮದೇ ಆಗಿರಲಿ, ಎರಡು ಮೂರಕ್ಕಿಂತ ಹೆಚ್ಚು ಬೇಡ.

ಹೊರನಾಡಿನಲ್ಲಿ, ಹೊರದೇಶದಲ್ಲಿ ಇದ್ದು ಬೆಂಗಳೂರು, ಮೈಸೂರಿನ ಗುರುಗಳಿಂದ ಆನ್‌ಲೈನ್ ಪಾಠ ಪಡೆಯುವವರು ಜೂಮ್‌ನಲ್ಲಿ ‘ಒರಿಜಿನಲ್ ಸೌಂಡ್’ ಹಾಕಿಕೊಳ್ಳಬೇಕು. ಇಲ್ಲದಿದ್ದರೆ ತಂತ್ರಾಂಶ ತಂಬೂರಿಯನ್ನು ಗದ್ದಲವೆಂದು ತೆಗೆದುಹಾಕುತ್ತದೆ. ಧ್ವನಿ ತಡವಾಗಿ ತಲುಪುವುದರಿಂದ ಇಬ್ಬರೂ ಒಟ್ಟಿಗೆ ಹಾಡುವುದು ಸಾಧ್ಯವಿಲ್ಲ. ಗುರುಗಳು ಹಾಡುವಾಗ ನಿಮ್ಮ ಮೈಕ್ ಮುಚ್ಚಿ ಜೊತೆಗೆ ಹಾಡಿ, ಆಮೇಲೆ ಒಬ್ಬರೇ ಒಪ್ಪಿಸಿ.

ಗೋಷ್ಠಿಯಲ್ಲಿ ಕೂರುವಾಗ

ಓದು ಕಲಿತವರಿಗೆ ಸಹಜವಾದ ಗುರಿ ಗೋಷ್ಠಿಗಾಯನ. ಪುಷ್ಯ ಬಹುಳ ಪಂಚಮಿಯ ಸುಮಾರಿಗೆ ತ್ಯಾಗರಾಜರ ಆರಾಧನೆ, ಪುಷ್ಯ ಅಮಾವಾಸ್ಯೆಗೆ ಪುರಂದರದಾಸರ ಆರಾಧನೆ. ಊರೂರಿನ ಸಭೆಗಳಲ್ಲಿ, ಬಡಾವಣೆಯ ದೇವಸ್ಥಾನಗಳಲ್ಲಿ ಪುಸ್ತಕ ಹಿಡಿದು ಸಾಲಾಗಿ ಕೂತು ಹಾಡುತ್ತಾರೆ. ನಾಟ, ಗೌಳ, ಆರಭಿ, ವರಾಳಿ, ಶ್ರೀ ರಾಗಗಳಲ್ಲಿರುವ ತ್ಯಾಗರಾಜರ ಐದು ಪಂಚರತ್ನ ಕೃತಿಗಳೂ ಆದಿತಾಳದವು. ಐದನ್ನೂ ಒಂದೇ ವರ್ಷಕ್ಕೆ ಇಟ್ಟುಕೊಳ್ಳದೆ ಆರಭಿಯ ‘ಸಾಧಿಂಚೆನೆ’ಯಿಂದ ಶುರುಮಾಡಿ. ಅದರಲ್ಲಿ ಪ್ರತಿ ಚರಣವನ್ನು ಸ್ವರದಲ್ಲಿ ಹಾಡಿ, ಸಾಹಿತ್ಯದಲ್ಲಿ ಹಾಡಿ, ಮತ್ತೆ ‘ಸಮಯಾನಿಕಿ ತಗು ಮಾಟಲಾಡೆನೆ’ ಎಂಬ ಎತ್ತುಗಡೆಗೆ ಬರುತ್ತಾರೆ. ನಡುವೆ ಸಾಲು ಕಳೆದುಹೋದರೂ ಸೇರಿಕೊಳ್ಳಲು ಒಂದು ಗೊತ್ತಾದ ಜಾಗ ಮತ್ತೆ ಮತ್ತೆ ಸಿಗುತ್ತದೆ. ಜುಲೈ ಹೊತ್ತಿಗೆ ಹಿಡಿದರೆ ವಾರಕ್ಕೆ ನಾಲ್ಕು ಆವರ್ತದಂತೆ ಮುಂದಿನ ಆರಾಧನೆಗೆ ಸಿದ್ಧವಾಗುತ್ತದೆ.

ಗೋಷ್ಠಿಯ ಶ್ರುತಿ ನಿಮ್ಮದಲ್ಲದಿರಬಹುದು, ಹಾಗಾಗಿ ಕೊನೆಯ ತಿಂಗಳು ಅಲ್ಲಿಯ ಶ್ರುತಿಗೇ ಅಭ್ಯಾಸ ಮಾಡಿ, ಸಿಗದ ತಾರ ಸ್ವರಗಳನ್ನು ಬಾಯಿಯಾಡಿಸಿ ಬಿಟ್ಟುಬಿಡಿ. ಮುಂದಾಳು ಗಾಯಕರ ಕೈ ಕಾಣುವ ಕಡೆ, ಎರಡನೇ ಸಾಲಿನಲ್ಲಿ ಕೂರಿ. ಅವರ ಪಾಠಾಂತರಕ್ಕೂ ನಿಮ್ಮ ಪುಸ್ತಕಕ್ಕೂ ಅಲ್ಲಲ್ಲಿ ಸ್ವರ ಬೇರೆಯಿರುತ್ತದೆ. ಆ ಹೊತ್ತಿಗೆ ಅವರದನ್ನೇ ಹಾಡಿ, ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಒಂದು ಗೀಟು ಹಾಕಿಟ್ಟುಕೊಂಡು ಮನೆಗೆ ಬಂದು ಗುರುಗಳಲ್ಲಿ ಕೇಳಿ. ಎಲ್ಲಿದ್ದಾರೆಂದು ತಿಳಿಯದಾದಾಗ ಪುಟದಲ್ಲಿ ಹುಡುಕುತ್ತ ಕೂರಬೇಡಿ. ಕಣ್ಣು ಎತ್ತಿ ಅವರ ಲಘುವಿನ ಪೆಟ್ಟನ್ನು ಹಿಡಿಯಿರಿ, ನಿಮ್ಮ ಕೈಯನ್ನು ಅದಕ್ಕೆ ಸೇರಿಸಿ, ‘ಸಮಯಾನಿಕಿ’ ಬಂದಾಗ ದನಿ ಸೇರಿಸಿ.